ಕೋಲಾರದ ಕಾರ್ಡು

ಮಗಳು ಈ ಏಪ್ರಿಲ್‌ನಲ್ಲಿ ಒಂದನೇ ಕ್ಲಾಸಿಗೆ ಸೇರುತ್ತಾಳೆ. ಜಪಾನಿನ ಶಾಲೆಗಳಲ್ಲಿ ಮಗುವಿನ ಪ್ರತಿಯೊಂದು ಸಾಮಾನಿನ ಮೇಲೂ ಹೆಸರಿರಬೇಕು. ಪ್ರತಿಯೊಂದು ಅಂದರೆ ನಿಜಕ್ಕೂ ಪ್ರತಿಯೊಂದು. ಎಡಗಾಲಿನ ಬೂಟಿಗೆ ಒಂದು, ಬಲಗಾಲಿನದಕ್ಕೆ ಒಂದು, ಒಂದೊಂದು ಪೆನ್ಸಿಲಿಗೆ, ಒಂದೊಂದು ಕ್ರೆಯಾನಿಗೆ, ಲೆಕ್ಕ ಕಲಿಸುವ ಡಬ್ಬಿಯೊಳಗಿನ ಉಗುರಿನಷ್ಟಗಲದ ಪ್ಲಾಸ್ಟಿಕ್ ಬಿಲ್ಲೆಗಳಿಗೂ ಒಂದೊಂದು. ಇದಕ್ಕೆಂದೇ ಹೆಸರು ಅಚ್ಚು ಹಾಕಿದ ಪುಟಾಣಿ ಸ್ಟಿಕರ್‌ಗಳ ಹಾಳೆ ಮಾಡಿಸಿಕೊಳ್ಳಬಹುದು. ಕಳೆದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಟೋಕಿಯೋದ ಓಜಿಮಾ ಬಡಾವಣೆಯ ನಮ್ಮ ಮನೆಯ ನೆಲದ ಮೇಲೆ ಆ ಹಾಳೆಗಳನ್ನು ಹರಡಿಕೊಂಡು ಕೂತೆ.

ಹಾಳೆ ನೋಡಿದ ಮಗಳು ಹುಬ್ಬು ಗಂಟಿಕ್ಕಿದಳು. ಇಲ್ಲಿ ಮನೆತನದ ಹೆಸರು ಮೊದಲು, ಮಗುವಿನ ಹೆಸರು ಆಮೇಲೆ. ಮನೆತನದ ಜಾಗದಲ್ಲಿ ಇದ್ದದ್ದು ‘ರವಿಕುಮಾರ್’.

“ಕೊರೆ, ಪಪಾ ನೊ ನಮಾಎ!” ಎಂದಳು. ಇದು ಅಪ್ಪನ ಹೆಸರು, ನನ್ನದಲ್ಲ ಎಂದು ತಕರಾರು.

“ಹೌದು ಪುಟ್ಟಾ, ಸ್ಕೂಲಲ್ಲಿ ನಿಂದೂ ಅದೇ,” ಎಂದೆ.

“ದೆನ್ ವೈ ಈಸ್ ಯುವರ್ಸ್ ಡಿಫರೆಂಟ್?”

ಇದೇ ಪ್ರಶ್ನೆಯನ್ನು ಎಂಟು ವರ್ಷದ ಹಿಂದೆ ನಮ್ಮ ಮನೆಯ ಬಾಗಿಲಲ್ಲಿ ನಿಂತು ಇನ್ನೊಬ್ಬರು ಕೇಳಿದ್ದರು. ಸ್ಟಿಕರ್ ಬೆರಳಿಗೆ ಅಂಟಿಕೊಂಡೇ ಇತ್ತು... ಪಕ್ಕದ ಮನೆಯ ಮೇಷ್ಟ್ರು ನೆನಪಾದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಾರಣ ಸರಳ. ಅದು ಎಷ್ಟು ಅಪರೂಪದ ಹೆಸರೆಂದರೆ, ಬರೆದರೆ ಪ್ರಪಂಚದಲ್ಲಿ ಉಳಿದಿರುವ ಆ ನಾಲ್ಕೈದು ಮನೆಯವರ ವಿಳಾಸ ಕೊಟ್ಟಂತೆಯೇ. ಅವರು ಇಂಗ್ಲೆಂಡಿನವರು. ಚಿಕ್ಕ ವಯಸ್ಸಿನಲ್ಲಿ ಟೋಕಿಯೋಗೆ ಬಂದು, ಒಂದು ಸಂಜೆ ಶಾಲೆಯಲ್ಲಿ ಜಪಾನೀಯರಿಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಾ ಇಲ್ಲೇ ಮುದುಕರಾದವರು. ಎದುರಿಗೆ ನಾನು ‘ಸರ್’ ಎನ್ನುತ್ತಿದ್ದೆ. ಮನೆಯೊಳಗೆ ನಾವು ಗಂಡ ಹೆಂಡತಿ ಮಾತಾಡಿಕೊಳ್ಳುವಾಗ ‘ಮೇಷ್ಟ್ರು’.

ಓಜಿಮಾದ ಆ ಹದಿನಾಲ್ಕು ಅಂತಸ್ತಿನ ಕಟ್ಟಡಕ್ಕೆ ನಾವು ಬಂದ ಹೊಸತು. ನನ್ನ ಆಫೀಸು ಶಿನಾಗಾವಾದಲ್ಲಿ, ರವಿಯದು ತೊಯೊಸುವಿನಲ್ಲಿ. ಕೆಳಗಿನ ಅಂಚೆ ಡಬ್ಬಿಯ ಮೇಲೆ ಎರಡು ಹೆಸರು ಅಂಟಿಸಿದ್ದೆವು. ನನ್ನದು ‘ಮುನಿನಾರಾಯಣಪ್ಪ’, ರವಿಯದು ‘ಚೇಳೂರು’. ಅಂಚೆಯವನಿಗೆ ಪಾಪ ಏನು ಗೊತ್ತು. ಆ ಮಹಡಿಯಲ್ಲಿ ಉದ್ದನೆಯ ಪರದೇಶಿ ಹೆಸರಿದ್ದದ್ದು ಅಲ್ಲಿಯವರೆಗೆ ಒಂದೇ ಮನೆಗೆ. ಹಾಗಾಗಿ ನನ್ನ ಕಾಗದಗಳನ್ನೆಲ್ಲ ಅವನು ಮೇಷ್ಟ್ರ ಡಬ್ಬಿಗೆ ಹಾಕುತ್ತಿದ್ದ. ಒಂದು ಶನಿವಾರ ಅವರು ಆ ಕಾಗದಗಳನ್ನು ಹಿಡಿದು ಬಾಗಿಲು ತಟ್ಟಿದರು. ಎತ್ತರದ ಮನುಷ್ಯ, ಕೆಂಪು ಮುಖ, ಜಪಾನೀಯರ ಹಾಗೆ ಬಗ್ಗಿ ನಮಸ್ಕಾರ.

ಮುನಿನಾರಾಯಣಪ್ಪ ಯಾರು ಎಂದು ಕೇಳಿದರು. ನಮ್ಮಪ್ಪ ಎಂದೆ. ಮನೆಯಲ್ಲಿದ್ದಾರೆಯೇ ಎಂದರು. ಇಲ್ಲ, ಬಂಗಾರಪೇಟೆಯಲ್ಲಿದ್ದಾರೆ ಎಂದೆ. ಹಾಗಾದರೆ ಈ ಕಾಗದಗಳು? ನನ್ನವೇ, ಇಲ್ಲಿ ನಾನೇ ಮುನಿನಾರಾಯಣಪ್ಪ ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ನಿಮ್ಮ ಗಂಡನ ಹೆಸರು ಯಾಕೆ ಬೇರೆ ಎಂದು ಕೇಳಿದರು. ಅದು ಅವರ ಊರಿನ ಹೆಸರು ಎಂದೆ. ಆ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಆಗ ಅರ್ಥ ಮಾಡಿಕೊಳ್ಳಲಿಲ್ಲ. ಒಳಗೆ ಬರಬಹುದೇ ಎಂದು ಅವರೇ ಕೇಳಿ, ಚಪ್ಪಲಿ ಬಿಟ್ಟು, ಬಂದು ಕೂತರು.

ನಮ್ಮ ಕಡೆ ಎಲ್ಲರಿಗೂ ಮನೆತನದ ಹೆಸರು ಇರುವುದಿಲ್ಲ, ಒಂದು ಇನಿಷಿಯಲ್ ಇದ್ದರೆ ಮುಗಿಯಿತು ಎಂದು ಅವರಿಗೆ ವಿವರಿಸಿದೆ. ಶಾಲೆಯಲ್ಲಿ ನಾನು ಎಂ. ಶಶಿಕಲಾ. ಆ ‘ಎಂ’ ಅಂದರೆ ಏನೆಂದು ಹತ್ತು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ವೀಸಾಕ್ಕೆ ತೊಂದರೆ ಎಂದು ಏಜೆಂಟ್ ಹೇಳಿದ ಮೇಲೆ ಅದನ್ನು ಬಿಡಿಸಿ ಬರೆದದ್ದು. ಅದರ ಫಲ ಇಲ್ಲಿ ಅನುಭವಿಸುತ್ತಿದ್ದೆ. ನಮ್ಮಮ್ಮ ಜೀವಮಾನದಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳದ ಹೆಸರನ್ನು ಟೀಮಿನ ಹೊಸ ಹುಡುಗಿ ದಿನಕ್ಕೆ ಹತ್ತು ಸಲ ‘ಮುನಿನಾರಾಯಣಪ್ಪ ಸಾನ್, ಸುಮಿಮಾಸೆನ್’, ಅಂದರೆ ಸ್ವಲ್ಪ ಕ್ಷಮಿಸಿ, ಎಂದು ಕೂಗುತ್ತಿದ್ದಳು.

ಮೇಷ್ಟ್ರು ನಗಲಿಲ್ಲ. ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಬರೆದುಕೊಂಡರು. ‘ಇನಿಷಿಯಲ್’ ಎಂಬ ಮಾತಿನ ಕೆಳಗೆ ಗೆರೆಯನ್ನೂ ಎಳೆದರು. ಅದನ್ನು ನಾನು ಕಣ್ಣಾರೆ ನೋಡಿದೆ.

ಅವರ ಮನೆಗೆ ಹೋದ ಮೇಲೆ ವಿಷಯ ತಿಳಿಯಿತು. ಒಂದು ಗೋಡೆಗೆ ಪ್ರಪಂಚದ ನಕ್ಷೆ. ಅದರ ಮೇಲೆ ದಪ್ಪ ತಲೆಯ ಗುಂಡುಸೂಜಿಗಳು. ಕೆಳಗೆ ನಾಲ್ಕು ಬೂಟಿನ ಡಬ್ಬಿ, ಅದರ ತುಂಬ ಕಾರ್ಡು. ಇಂಗ್ಲೆಂಡಿನಲ್ಲಿ ಹೀಗೊಂದು ಹವ್ಯಾಸ ಇದೆಯಂತೆ. ಒಂದೇ ಒಂದು ಮನೆತನದ ಹೆಸರನ್ನು ಹಿಡಿದು, ಆ ಹೆಸರಿನವರು ಯಾವ ಕಾಲದಲ್ಲಿ ಎಲ್ಲೆಲ್ಲಿ ಹುಟ್ಟಿದರು, ಯಾರನ್ನು ಕಟ್ಟಿಕೊಂಡರು, ಎಲ್ಲಿ ಸತ್ತರು ಎಂದು ಕೊನೆಯವರೆಗೂ ಹುಡುಕುವುದು. ಸಾಮಾನ್ಯ ಹೆಸರಾದರೆ ಒಂದು ಜನ್ಮ ಸಾಲದು. ತಮ್ಮದು ಅಪರೂಪದ್ದಾದ್ದರಿಂದ ಮುಗಿಸಬಹುದು ಎಂದು ಅವರು ಹೇಳುತ್ತಿದ್ದರು. ಮುಗಿಸುವುದೇ ಅವರ ಆಸೆ.

ಆ ಹೆಸರು ಹುಟ್ಟಿದ್ದು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಎಂಬ ಸೀಮೆಯಲ್ಲಿ. ಅಲ್ಲಿ ಮೊದಲು ಇಂಗ್ಲಿಷ್ ಅಲ್ಲದ ಬೇರೆಯೇ ಭಾಷೆ ಇತ್ತು. ಹೆಸರಿನ ಮೊದಲರ್ಧಕ್ಕೆ ಆ ಭಾಷೆಯಲ್ಲಿ ಹಟ್ಟಿ ಎಂದು ಅರ್ಥ, ಉಳಿದರ್ಧಕ್ಕೆ ಗಿರಣಿ. ಗಿರಣಿಹಟ್ಟಿ ಅನ್ನಿ. ಅಂಥ ಒಂದು ಜಾಗ ಒಂದು ಚರ್ಚಿನ ಹಳ್ಳಿಯಲ್ಲಿತ್ತು, ಅಲ್ಲಿದ್ದವರಿಗೆಲ್ಲ ಆ ಹೆಸರು ಬಂತು.

“ಹಾಗಾದರೆ ನಿಮ್ಮದೂ ಊರಿನ ಹೆಸರೇ ಸರ್, ನಮ್ಮ ರವಿಯ ಚೇಳೂರಿನ ಹಾಗೆ,” ಎಂದೆ.

“ನಿಮ್ಮನ್ನು ಒಳಗೆ ಕರೆದದ್ದು ಅದಕ್ಕೇ,” ಎಂದರು.

ಆ ಸೀಮೆಯವರು ತವರದ ಗಣಿಗಳಲ್ಲಿ ಕೆಲಸ ಮಾಡುತ್ತಿದ್ದರು. ತವರದ ಬೆಲೆ ಬಿದ್ದಾಗ ಹೊಟ್ಟೆಪಾಡಿಗೆ ಪ್ರಪಂಚದಲ್ಲಿ ಎಲ್ಲೆಲ್ಲಿ ನೆಲ ತೋಡುತ್ತಿದ್ದರೋ ಅಲ್ಲಿಗೆಲ್ಲ ಹೋದರು. ನಕ್ಷೆಯ ಮೇಲಿನ ಸೂಜಿಗಳು ಅವೇ. ಆಸ್ಟ್ರೇಲಿಯಾದ ದಕ್ಷಿಣಕ್ಕೆ ಒಂದು ಗೊಂಚಲು, ಅಮೆರಿಕದ ಪಶ್ಚಿಮಕ್ಕೆ ಎರಡು, ಆಫ್ರಿಕಾದ ತುದಿಗೆ ಒಂದು. ಕೆಂಪು ತಲೆಯವು ಆ ಹೆಸರಿನ ಜನ ಈಗಲೂ ಇರುವ ಜಾಗ, ಕಪ್ಪು ತಲೆಯವು ಮುಗಿದುಹೋದ ಜಾಗ. ಕಪ್ಪೇ ಹೆಚ್ಚು. ಹೆಣ್ಣುಮಕ್ಕಳು ಹುಟ್ಟಿ, ಮದುವೆಯಾಗಿ, ಹೆಸರು ಬದಲಾಗಿ... ಹಾಗೆ. ಓಜಿಮಾದಲ್ಲಿ ಒಂದು ಕೆಂಪು ಸೂಜಿ ಇತ್ತು, ಅದು ಅವರೇ. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಜಪಾನಿನವರು, ತಮ್ಮ ತವರಿನ ಹೆಸರನ್ನೇ ಇಟ್ಟುಕೊಂಡಿದ್ದರಂತೆ. ನಾವು ಬರುವ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಅವರ ಫೋಟೋದ ಮುಂದೆ ದಿನಾ ಒಂದು ಲೋಟ ಚಹಾ ಇಡುತ್ತಿದ್ದರು. ನಾನು ಊರಿಂದ ತಂದ ಮೈಸೂರು ಊದುಬತ್ತಿಯನ್ನು ಕೊಟ್ಟ ಮೇಲೆ ಅದನ್ನೇ ಹಚ್ಚಲು ಶುರುಮಾಡಿದರು.

ಒಂದೇ ಒಂದು ಸೂಜಿ ಬಿಳಿಯದಿತ್ತು. ಏನಾಯಿತೆಂದೇ ಗೊತ್ತಿಲ್ಲದ ಜಾಗ. ಹತ್ತಿರ ಹೋಗಿ ನೋಡಿದರೆ ಅದು ನಮ್ಮ ಕೋಲಾರ.

ಅವರ ತಾತನ ತಮ್ಮ ಕೋಲಾರದ ಚಿನ್ನದ ಗಣಿಗೆ ಹೋದವನು. ಕೆಲವು ವರ್ಷ ಕಾಗದ ಬರೆದ. ಕೊನೆಯ ಕಾಗದದಲ್ಲಿ, ಇಲ್ಲಿಯ ಹುಡುಗಿಯನ್ನು ಮದುವೆಯಾಗಿದ್ದೇನೆ ಎಂದಿದ್ದನಂತೆ. ಮನೆಯವರು ಉತ್ತರ ಬರೆಯಲಿಲ್ಲ. ಮನೆಯ ಬೈಬಲಿನ ಮೊದಲ ಪುಟದಲ್ಲಿ ಎಲ್ಲರ ಹೆಸರು ಬರೆದಿಡುವ ಪದ್ಧತಿ. ಅದರಲ್ಲಿ ಅವನ ಹೆಸರಿನ ಮೇಲೆ ಮಸಿ ಎಳೆದರು. ಆ ಪುಟದ ಫೋಟೋ ಮೇಷ್ಟ್ರ ಬಳಿ ಇತ್ತು. ಮಸಿಯ ಗೆರೆ ಎಳೆದದ್ದು ತಮ್ಮ ಸ್ವಂತ ತಾತನೇ ಎಂದು ಹೇಳುವಾಗ ಅವರು ಬೇರೆ ಕಡೆ ನೋಡುತ್ತಿದ್ದರು. ಆ ತಮ್ಮನಿಗೆ ಮಕ್ಕಳಾದರೇ, ಅವರ ಪೈಕಿ ಯಾರಾದರೂ ಇದ್ದಾರೆಯೇ, ಇದ್ದರೆ ಒಂದು ಕಾಗದ ಬರೆದು ಕ್ಷಮೆ ಕೇಳಬೇಕು. ಡಬ್ಬಿಯಲ್ಲಿ ಖಾಲಿ ಉಳಿದ ಕಾರ್ಡು ಅದೊಂದೇ. ಆಗಲೇ ಅವರ ಹೃದಯ ಸರಿಯಿರಲಿಲ್ಲ, ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದರು. ಕೋಲಾರಕ್ಕೆ ಹೋಗುವ ಮಾತೇ ಇರಲಿಲ್ಲ.

ನಾನು ಬಂಗಾರಪೇಟೆಯವಳು. ಅಲ್ಲಿಂದ ಕೆ.ಜಿ.ಎಫ್.ಗೆ ರೈಲಿನಲ್ಲಿ ಒಂದು ಗಂಟೆಯೂ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ನೋಡಿಕೊಂಡು ಬರುತ್ತೇನೆ ಎಂದು ನಾನೇ ಮಾತು ಕೊಟ್ಟೆ. ಅವರು ಕೇಳಿರಲಿಲ್ಲ.

ನಾಲ್ಕು ವರ್ಷದ ಹಿಂದಿನ ಮೇ ತಿಂಗಳು. ಹೊರಡುವ ಹಿಂದಿನ ದಿನ ಮೇಷ್ಟ್ರು ಒಂದು ಕಾರ್ಡು ಕೊಟ್ಟರು. ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಮನೆತನದ ಹೆಸರು, ಕೆಳಗೆ ಬೇರೆ ಬೇರೆ ಊರಿನ ಗುಮಾಸ್ತರು ಅದನ್ನು ತಪ್ಪುತಪ್ಪಾಗಿ ಬರೆದ ಹನ್ನೊಂದು ರೂಪ, ಮೂಲೆಯಲ್ಲಿ ಚಿಕ್ಕದಾಗಿ ಆ ತಾತನ ತಮ್ಮನ ಸ್ವಂತ ಹೆಸರು. ಹೆಸರುಗಳು ಸಾಯುವುದಕ್ಕಿಂತ ಬಚ್ಚಿಟ್ಟುಕೊಳ್ಳುವುದೇ ಹೆಚ್ಚು, ಅದಕ್ಕೇ ಬರೀ ತೋರಿಸಬೇಡಿ, ಗಟ್ಟಿಯಾಗಿ ಓದಿ ಹೇಳಿ ಎಂದರು. ನನ್ನಿಂದ ಎರಡು ಸಲ ಹೇಳಿಸಿದರು. ನನಗೆ ಸರಿಯಾಗಿ ಬರಲಿಲ್ಲ, ನಾಚಿಕೆಯಾಗಿ ನಕ್ಕುಬಿಟ್ಟೆ.

ಊರಿನಲ್ಲಿ ಇದ್ದದ್ದು ಹತ್ತು ದಿನ. ಅದರಲ್ಲಿ ಚಿಕ್ಕಪ್ಪನ ಮಗನ ಮದುವೆ, ಹಲ್ಲಿನ ಡಾಕ್ಟರು, ಬ್ಯಾಂಕಿನ ಕೆಲಸ. ಕೆ.ಜಿ.ಎಫ್.ಗೆ ಹೋದದ್ದು ರಿಸೆಪ್ಶನ್ ಇದ್ದ ದಿನ, ಬೆಳಿಗ್ಗೆ. ಜೊತೆಗೆ ನಮ್ಮಪ್ಪ. ಅಪ್ಪ ಬಂಗಾರಪೇಟೆ ಸ್ಟೇಷನ್ನಿನ ಬುಕಿಂಗ್ ಕೌಂಟರಿನಲ್ಲಿದ್ದು ರಿಟೈರಾದವರು, ಆ ಲೈನಿನಲ್ಲಿ ಓಡಾಡುವ ಎಲ್ಲರೂ ಗೊತ್ತು. ಅವರು ನೇರವಾಗಿ ತಮ್ಮ ಹಳೆಯ ಪರಿಚಯದ ಒಬ್ಬ ಟೈಲರಿನ ಅಂಗಡಿಗೆ ಕರೆದುಕೊಂಡು ಹೋದರು. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಅಂಗಡಿ. ಬೋರ್ಡಿನಲ್ಲಿ ‘ಟಿ. ಅಂತೋಣಿ, ಟೈಲರ್’ ಎಂದಿತ್ತು. ಚರ್ಚು, ಸಮಾಧಿ, ಪಾದ್ರಿ ಎಲ್ಲ ಇವರಿಗೆ ಗೊತ್ತು ಎಂದು ಅಪ್ಪ ಹೇಳಿದರು.

ನಾನು ಕಾರ್ಡು ತೆಗೆದು ಟೈಲರಿನ ಮುಂದೆ ಹಿಡಿದೆ.

ಇಲ್ಲೇ ನಾನು ಮಾಡಿದ ತಪ್ಪು. ಇದು ಜಪಾನಿನಲ್ಲಿ ಅಂಟಿಕೊಂಡ ಚಾಳಿ. ಇಲ್ಲಿ ಕೊಂಬಿನಿ ಎನ್ನುವ ಚಿಕ್ಕ ಅಂಗಡಿಗಳಲ್ಲಿ, ಆಸ್ಪತ್ರೆಯಲ್ಲಿ, ಟ್ಯಾಕ್ಸಿಯಲ್ಲಿ ನಾವು ಬಾಯಿ ಬಿಡುವುದಿಲ್ಲ. ಬಿಟ್ಟರೆ ಎಡವಟ್ಟು. ಚೀಟಿಯನ್ನೋ ಫೋನನ್ನೋ ಮುಂದೆ ಹಿಡಿಯುತ್ತೇವೆ, ಅವರು ಓದಿಕೊಂಡು ತಲೆಯಾಡಿಸುತ್ತಾರೆ. ನಾಲ್ಕು ವರ್ಷ ಹಾಗೇ ಬದುಕಿದವಳು ಕೆ.ಜಿ.ಎಫ್.ನಲ್ಲೂ, ನನ್ನದೇ ಭಾಷೆ ಆಡುವವರ ಮುಂದೆ, ಚೀಟಿ ಹಿಡಿದೆ. ಮೇಷ್ಟ್ರು ಅಷ್ಟು ಹೇಳಿದ್ದರೂ. ಟೈಲರ್ ಕನ್ನಡಕ ಹಣೆಗೇರಿಸಿ, ಒಂದೊಂದೇ ಅಕ್ಷರ ನೋಡಿ, ತಲೆಯಾಡಿಸಿದರು.

“ಈ ಎಸ್ರು ನಾನು ಕೇಳಿಲ್ಲಮ್ಮ,” ಎಂದರು.

ಕೇಳಿಲ್ಲ ಎಂದರು. ನಾನು ಕೇಳಿಸಿರಲೂ ಇಲ್ಲ.

ಪಾಪ, ಮಷಿನ್ನು ಬಿಟ್ಟು ನಮ್ಮ ಜೊತೆ ಬಿಸಿಲಿನಲ್ಲಿ ಸಮಾಧಿಗಳಿರುವ ಜಾಗಕ್ಕೆ ಬಂದರು. ಲಾಂಟಾನ ಪೊದೆ ಸರಿಸಿ ಸರಿಸಿ ಕಲ್ಲು ತೋರಿಸಿದರು. ಬೇರೆ ಬೇರೆ ಇಂಗ್ಲಿಷ್ ಹೆಸರುಗಳಿದ್ದವು, ಅರ್ಧಕ್ಕರ್ಧ ಅಳಿಸಿಹೋಗಿದ್ದವು. ಪಾದ್ರಿ ಊರಿನಲ್ಲಿರಲಿಲ್ಲ, ಮಾರನೆಯ ದಿನ ಬಂದರೆ ಹಳೆಯ ರಿಜಿಸ್ಟರ್ ನೋಡಬಹುದು ಎಂದರು ಟೈಲರ್. ಹನ್ನೆರಡೂವರೆಗೆ ನನಗೆ ಸೀರೆಯ ಬ್ಲೌಸಿನ ಚಿಂತೆ ಹತ್ತಿತು. ಎರಡು ಫೋಟೋ ತೆಗೆದುಕೊಂಡು ವಾಪಸು ಬಂದೆವು.

ಟೋಕಿಯೋಗೆ ಬಂದ ಮಾರನೆಯ ದಿನವೇ ಮೇಷ್ಟ್ರು ಬಾಗಿಲು ತಟ್ಟಿದರು. ಅವರು ಶರಟಿನ ಮೇಲೆ ಕೋಟು ಹಾಕಿಕೊಂಡು ಬಂದಿದ್ದರು. ಪಕ್ಕದ ಮನೆಗೆ ಬರಲು ಕೋಟು. ಅದನ್ನು ನೋಡಿ ನನಗೆ ನಿಜ ಹೇಳಲು ಬಾಯಿ ಬರಲಿಲ್ಲ. ಎಲ್ಲ ಕಡೆ ಹುಡುಕಿದೆವು ಸರ್ ಎಂದೆ. ಸಮಾಧಿ ನೋಡಿದೆವು, ಚರ್ಚಿನ ರಿಜಿಸ್ಟರ್ ನೋಡಿದೆವು, ಹಳೆಯ ಜನರನ್ನು ಕೇಳಿದೆವು, ಯಾರೂ ಇಲ್ಲ. ರಿಜಿಸ್ಟರಿನ ಮಾತು ಯಾಕೆ ಬಂತೋ, ಬಾಯಿಗೆ ತಾನೇ ಬಂತು. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಅರಿಗಾತೋ ಎಂದು ಜಪಾನಿಯಲ್ಲಿ ಥ್ಯಾಂಕ್ಸ್ ಹೇಳಿ, ನನ್ನ ಕೈ ಹಿಡಿದು ಅಲ್ಲಾಡಿಸಿದರು. ಕಾರ್ಡನ್ನು ವಾಪಸು ಕೊಡಹೋದರೆ ನೀವೇ ಇಟ್ಟುಕೊಳ್ಳಿ ಎಂದರು. ಮಾರನೆಯ ವಾರ ಹೋದಾಗ ನಕ್ಷೆಯ ಮೇಲಿನ ಬಿಳಿ ಸೂಜಿ ಇರಲಿಲ್ಲ. ಅಲ್ಲಿ ಕಪ್ಪು ಸೂಜಿ ಇತ್ತು.

ಆ ದಿನ ಅವರು ಹೋದ ಮೇಲೆ ರವಿ ಕೇಳಿದ್ದ. “ಎಲ್ಲಾ ಕಡೆ ಹುಡುಕಿದ್ವಿ ಅಂದ್ಯಲ್ಲ, ನೀವು ಹೋಗಿದ್ದು ಹಾಫ್ ಡೇ ತಾನೆ?”

“ಮತ್ತೇನ್ ಹೇಳ್ಲಿ? ರಿಸೆಪ್ಶನ್‌ಗೆ ಲೇಟಾಗುತ್ತೆ ಅಂತ ಬಂದ್ಬಿಟ್ವಿ ಅಂತಲಾ?”

“ನೆಕ್ಸ್ಟ್ ಟೈಮ್ ಹೋದಾಗ ಆದ್ರೂ ನೋಡು ಹಾಗಾದ್ರೆ.”

ನೆಕ್ಸ್ಟ್ ಟೈಮ್ ಹೋದಾಗ ನಾನು ನೋಡಲಿಲ್ಲ. ಅವರು ಕಪ್ಪು ಸೂಜಿ ಚುಚ್ಚಿ ಆಗಿದೆಯಲ್ಲ ಎಂದುಕೊಂಡೆ.

ಆಮೇಲಿನ ಎರಡೂವರೆ ವರ್ಷ ನಾವು ಒಳ್ಳೆಯ ನೆರೆಹೊರೆಯವರಾಗಿಯೇ ಇದ್ದೆವು. ಮಗಳು ಅವರನ್ನು ‘ಸೆನ್ಸೇ’ ಎನ್ನುತ್ತಿದ್ದಳು, ಅದೂ ಮೇಷ್ಟ್ರು ಎಂದೇ. ಚಿತ್ರಾನ್ನ ಕಳಿಸಿದರೆ ತಟ್ಟೆ ತೊಳೆದು, ಅದರಲ್ಲಿ ಎರಡು ಕಿತ್ತಳೆ ಇಟ್ಟು ಕಳಿಸುತ್ತಿದ್ದರು. ನಿಮ್ಮ ಮನೆಯಲ್ಲಿ ಮೂರು ಜನ, ಮೂರು ಮನೆತನ, ನನ್ನ ಹವ್ಯಾಸದವನು ಯಾರಾದರೂ ನಿಮ್ಮ ದೇಶಕ್ಕೆ ಹೋದರೆ ತಲೆ ಕೆಟ್ಟು ವಾಪಸು ಬರುತ್ತಾನೆ ಎಂದು ತಮಾಷೆ ಮಾಡುತ್ತಿದ್ದರು. ಡಬ್ಬಿಗಳನ್ನು ಕಟ್ಟಿ, ಆಸ್ಟ್ರೇಲಿಯಾದಲ್ಲಿದ್ದ ತಮ್ಮ ಹೆಸರಿನ ಒಬ್ಬ ಹೆಂಗಸಿಗೆ ಹಡಗಿನಲ್ಲಿ ಕಳಿಸಿದರು. ಅವರನ್ನು ಇವರು ಕಂಡಿರಲೇ ಇಲ್ಲ, ಬರೀ ಈಮೇಲಿನ ಪರಿಚಯ. ಆ ದಿನ ಬಹಳ ಖುಷಿಯಾಗಿದ್ದರು. ಮುಗಿಯಿತು, ಎಲ್ಲ ಕಾರ್ಡೂ ತುಂಬಿದೆ ಎಂದರು.

ಹೋದ ವರ್ಷದ ಹಿಂದಿನ ವರ್ಷ ಅಕ್ಟೋಬರಿನಲ್ಲಿ ಕಾಮೆಯಿದೋ ಕಡೆಯ ಒಂದು ಆಸ್ಪತ್ರೆಗೆ ಸೇರಿದರು. ಭಾನುವಾರ ನೋಡಲು ಹೋದೆ. ಮಂಚದ ತಲೆದೆಸೆಯಲ್ಲಿ ಅವರ ಹೆಸರನ್ನು ಜಪಾನಿ ಅಕ್ಷರದಲ್ಲಿ ಬರೆದಿದ್ದರು. ಅದರಲ್ಲಿ ಒಂದು ಅಕ್ಷರ ತಪ್ಪಿದೆ, ಹನ್ನೆರಡನೆಯ ರೂಪ ಎಂದು ನಕ್ಕರು. ಆಮೇಲೆ ಕೋಲಾರದ ಮಾತು ತೆಗೆದರು.

“ಅವನಿಗೆ ಯಾರೂ ಇರಲಿಲ್ಲ ಅಂತ ಗೊತ್ತಾಯಿತಲ್ಲ. ಪಾಪ, ಅಷ್ಟು ದೂರದಲ್ಲಿ ಒಬ್ಬನೇ ಸತ್ತಿರಬೇಕು. ನಮ್ಮ ತಾತ ಮಾಡಿದ್ದು ಸರಿಯಲ್ಲ.”

ಆಗಲಾದರೂ ಹೇಳಬಹುದಿತ್ತು. ಸರ್, ನಾನು ಸರಿಯಾಗಿ ಹುಡುಕಲಿಲ್ಲ ಎಂದು... ಕಾಯಿಲೆಯ ಮನುಷ್ಯರಿಗೆ ಯಾಕೆ ಎಂದು ಸುಮ್ಮನಾದೆ. ಅವರ ಮೇಲಿನ ಕನಿಕರ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನ್ನ ಮರ್ಯಾದೆಯ ಚಿಂತೆ.

ಅದೇ ವಾರದ ಗುರುವಾರ ನಾನು ಶಿನಾಗಾವಾದಲ್ಲಿ ಮೀಟಿಂಗಿನಲ್ಲಿದ್ದೆ. ಸಂಜೆ ಮನೆಗೆ ಬಂದಾಗ ಕಟ್ಟಡದ ಕಚೇರಿಯವರು ವಿಷಯ ಹೇಳಿದರು. ಬೆಳಗಿನ ಜಾವ ಮೇಷ್ಟ್ರು ಹೋಗಿಬಿಟ್ಟಿದ್ದರು, ನರ್ಸ್ ನೋಡುವಾಗಲೇ ಮುಗಿದಿತ್ತಂತೆ. ಹೆಂಡತಿಯ ಕಡೆಯ ಸೋದರ ಸೊಸೆಯೊಬ್ಬರು ಬಂದು ಉಳಿದದ್ದನ್ನು ಅಚ್ಚುಕಟ್ಟಾಗಿ ಮುಗಿಸಿದರು. ಹದಿನೈದು ದಿನದಲ್ಲಿ ಇಬ್ಬರು ಗ್ಲೌಸು ಹಾಕಿದ ಆಳುಗಳು ಮನೆ ಖಾಲಿ ಮಾಡಿದರು. ಈಗ ಅಲ್ಲಿ ಒಸಾಕಾ ಕಡೆ‌ಯ ಗಂಡ ಹೆಂಡತಿ ಇದ್ದಾರೆ. ಅವರ ಹೆಸರು ಎರಡೇ ಅಕ್ಷರ, ಅಂಚೆ ತಪ್ಪುವುದಿಲ್ಲ.

ಹೋದ ತಿಂಗಳು ಅಪ್ಪ ವೀಡಿಯೋ ಕಾಲ್ ಮಾಡಿದ್ದರು. ಅಪ್ಪನಿಗೆ ಈಗಲೂ ಊರವರ ಅರ್ಜಿ ಫಾರಂ ತುಂಬಿಕೊಡುವ ಕೆಲಸ. ಅದನ್ನೇ ಹೇಳುತ್ತಿದ್ದರು.

“ಆ ಕೆ.ಜಿ.ಎಫ್. ಟೈಲರ್ ಇಲ್ವೇನಮ್ಮ, ಅವನ ಮೊಮ್ಮಗಳು ನರ್ಸಿಂಗ್ ಓದವಳೆ, ಜರ್ಮನಿಗೆ ಹೋಗ್ತಾಳಂತೆ. ಪಾಸ್‌ಪೋರ್ಟ್‌ಗೆ ಇನಿಷಿಯಲ್ ಬಿಡಿಸಿ ಬರೀಬೇಕಲ್ಲ, ನಿಂಗೆ ಬರೆದಂಗೆ. ‘ಟಿ’ ಅಂದ್ರೆ ಏನಯ್ಯಾ, ಥಾಮಸ್ಸಾ ಅಂದೆ. ಅಲ್ಲ ಸಾಮಿ, ತಿರುಮಲೆ ಅಂದ! ಕ್ರಿಶ್ಚಿಯನ್ನರಿಗೆ ಎಲ್ಲಿಂದ ಬಂದನಮ್ಮ ತಿಮ್ಮಪ್ಪ?”

ಅಪ್ಪ ನಗುತ್ತಿದ್ದರು. ನಾನೂ ನಕ್ಕೆ. ನಗುತ್ತಿದ್ದ ಹಾಗೇ ‘ತಿರುಮಲೆ’ ಎಂದು ಒಮ್ಮೆ ಬಾಯಲ್ಲೇ ಹೇಳಿಕೊಂಡೆ. ಮೇಷ್ಟ್ರ ಬಾಯಲ್ಲಿ ಅವರ ಮನೆತನದ ಹೆಸರನ್ನು ನೂರು ಸಲ ಕೇಳಿದ್ದೆ. ಹಟ್ಟಿ, ಗಿರಣಿ. ನಮ್ಮ ಕಡೆಯ ನಾಲಿಗೆಯಲ್ಲಿ ಹೊರಳಿದರೆ ಅದು ತಿರುಮಲೆಯೇ ಆಗುತ್ತದೆ.

“ಅಪ್ಪಾ, ಯಾಕೆ ತಿರುಮಲೆ ಅಂತ ಕೇಳಿದ್ಯಾ?”

“ಕೇಳ್ದೆ ಬಿಡ್ತೀನಾ? ಅವರ ತಾತ ಗಣೀಲಿ ಬಿಳಿ ದೊರೆ ಆಗಿದ್ನಂತೆ ಕಣಮ್ಮ. ಆಳುಗಳೆಲ್ಲ ತಿರುಮಲೆ ದೊರೆ ಅಂತಿದ್ರಂತೆ. ಇಲ್ಲೇ ಮದುವೆ ಆದ್ಮೇಲೆ ಅವರ ಊರಿಂದ ಕಾಗದ ಬರೋದು ನಿಂತೋಯ್ತಂತೆ.”

ಡ್ರಾಯರಿನಿಂದ ಕಾರ್ಡು ತೆಗೆದೆ. ತಾತನ ಸ್ವಂತ ಹೆಸರೇನೆಂದು ಟೈಲರನ್ನು ಕೇಳಿ ಹೇಳು ಎಂದು ಅಪ್ಪನಿಗೆ ಹೇಳಿದೆ. ಎರಡು ದಿನದ ಮೇಲೆ ಉತ್ತರ ಬಂತು. ಕಾರ್ಡಿನಲ್ಲಿ ಇದ್ದದ್ದೇ.

ಇನಿಷಿಯಲ್ ಬಿಡಿಸಿ ಸರ್‌ನೇಮ್ ಮಾಡಿಕೊಂಡು ಬದುಕುತ್ತಿರುವವಳು ನಾನು. ಒಂದಕ್ಷರದ ಹಿಂದೆ ಒಬ್ಬ ಮನುಷ್ಯ ಅಡಗಿರುತ್ತಾನೆ ಎಂದು ಮೇಷ್ಟ್ರಿಗೆ ಪಾಠ ಹೇಳಿದವಳೂ ನಾನೇ. ಆ ಬೋರ್ಡಿನ ಕೆಳಗೆ ನಿಂತು, ಆ ‘ಟಿ’ಯನ್ನು ಓದಿ, ಯಾರೂ ಇಲ್ಲ ಎಂದು ಬಂದು ಹೇಳಿದೆ. ಇದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ. ನಾಚಿಕೆ ಇದೆ.

ಆಸ್ಟ್ರೇಲಿಯಾದ ಆ ಹೆಂಗಸಿಗೆ ಈಮೇಲ್ ಬರೆದೆ, ನನ್ನ ಸುಳ್ಳನ್ನೂ ಸೇರಿಸಿ. ಅವರು ಬೈಯಲಿಲ್ಲ. ಕಾರ್ಡು ತಿದ್ದಿದ್ದೇನೆ, ಟೈಲರಿನ ಮಕ್ಕಳು ಮೊಮ್ಮಕ್ಕಳ ಹೆಸರು ಕಳಿಸಿ ಎಂದು ಬರೆದರು. ಟೈಲರಿಗೆ ಫೋನ್ ಮಾಡಲು ಮಾತ್ರ ಕೈ ಬರಲಿಲ್ಲ. ಒಂದು ತಿಂಗಳು ದಿನ ದೂಡಿದೆ.

ಮೊನ್ನೆ ಸೋಮವಾರ ಊಟದ ಹೊತ್ತಿನಲ್ಲಿ ಆಫೀಸಿನ ಮೆಟ್ಟಿಲ ಮೇಲೆ ಕೂತು ಮಾಡಿಯೇಬಿಟ್ಟೆ. ಅಲ್ಲಿ ಬೆಳಗ್ಗೆ ಒಂಬತ್ತು ಗಂಟೆ, ಅಂಗಡಿ ಆಗಷ್ಟೇ ತೆರೆದಿದ್ದರು. ಹಿಂದೆ ಮಷಿನ್ನಿನ ಸದ್ದು. ಎಲ್ಲವನ್ನೂ ಹೇಳಿದೆ. ಟೋಕಿಯೋದ ಮೇಷ್ಟ್ರು, ನಾಲ್ಕು ಡಬ್ಬಿ ಕಾರ್ಡು, ಬೈಬಲಿನ ಮಸಿ, ಆ ದಿನ ನಾನು ಹಿಡಿದ ಚೀಟಿ.

“ಆ ಚೀಟೀಲಿದ್ದ ಎಸ್ರು ಒಂದ್ಸಲ ಬಾಯಲ್ಲಿ ಹೇಳಮ್ಮ,” ಎಂದರು.

ಮೇಷ್ಟ್ರು ಕಲಿಸಿದಂತೆ, ನಿಧಾನಕ್ಕೆ, ಗಟ್ಟಿಯಾಗಿ ಹೇಳಿದೆ.

“ತಿರುಮಲೆ,” ಎಂದರು ಟೈಲರ್. ನಾನು ಹೇಳಿ ಮುಗಿಸುವುದಕ್ಕೂ ಅವರು ಅನ್ನುವುದಕ್ಕೂ ಉಸಿರಿನಷ್ಟೂ ಅಂತರ ಇರಲಿಲ್ಲ. ಮಷಿನ್ ನಿಂತಿತು. “ಅವ್ರು ನಂಗೆ ಏನಾಗ್ಬೇಕು?”

ಮೇಷ್ಟ್ರ ಕಾರ್ಡುಗಳಲ್ಲಿ ಇದಕ್ಕೆ ಸೆಕೆಂಡ್ ಕಸಿನ್ ಎಂದು ಬರೆಯುತ್ತಿದ್ದರು. ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. ಮೇಷ್ಟ್ರ ತಾತ ದೊಡ್ಡವರು, ಟೈಲರಿನ ತಾತ ಚಿಕ್ಕವರು. ತಾತಂದಿರು ಅಣ್ಣತಮ್ಮಂದಿರು, ಹಾಗಾಗಿ ಅಪ್ಪಂದಿರೂ ಅಣ್ಣತಮ್ಮಂದಿರು. ನಮ್ಮಲ್ಲಿ ಅದಕ್ಕೆ ಒಂದೇ ಮಾತು ಇರುವುದು.

“ಅಣ್ಣ ಆಗ್ಬೇಕು,” ಎಂದೆ.



“ಅಣ್ಣ ಯಾವಾಗ ಹೋದ್ರಮ್ಮ?”

ಹೇಳಿದೆ.

“ಜೊತೇಲಿ ಯಾರಿದ್ರು?”

“ಯಾರೂ ಇರ್ಲಿಲ್ಲ,” ಎಂದೆ. ಈ ಸಲ ಸುಳ್ಳು ಹೇಳಲಿಲ್ಲ.

“ಯಾಕಮ್ಮ,” ಎಂದರು ಟೈಲರ್. “ನಾವು ಇಲ್ಲೇ ಇದ್ವಲ್ಲ.”